ಮೇಲ್ದುಟಿಯ ಬಲಬದಿ

ಟೀ ಲೋಟವನ್ನು ಮೇಜಿನ ಮೇಲಿಟ್ಟು ತಿರುಗುವಾಗ ಹೆಂಡತಿಯ ಮೇಲ್ದುಟಿಯ ಬಲಬದಿ ಎದ್ದದ್ದನ್ನು ಅವನು ನೋಡಿದ. ಎದ್ದದ್ದು ಇಷ್ಟೇ ಇಷ್ಟು, ಗೋಧಿಕಾಳಿನ ದಪ್ಪದಷ್ಟು. ಬೇರೆ ಗಂಡನಾಗಿದ್ದರೆ ಪೇಪರಿನಿಂದ ತಲೆ ಎತ್ತದೆ ಟೀ ಕುಡಿದು ಮುಗಿಸುತ್ತಿದ್ದ. ಇವನೋ ಮೆಡಿಕಲ್ ಕಾಲೇಜಿನಲ್ಲಿ ಶರೀರರಚನೆ ಕಲಿಸುತ್ತ ಕೂದಲು ಹಣ್ಣಾದ ಮೇಷ್ಟ್ರು. ಅದರಲ್ಲೂ ಎತ್ತುವ ಸ್ನಾಯುಗಳೆಂದರೆ ಅವನದೇ ಸೀಮೆ. ಕಣ್ಣಿನ ರೆಪ್ಪೆ ಎತ್ತುವುದು, ಬಾಯಿಯ ಮೂಲೆ ಎತ್ತುವುದು, ನುಂಗುವಾಗ ಮೆತ್ತನೆಯ ಅಂಗುಳ ಎತ್ತುವುದು, ಪಕ್ಕೆಲುಬು ಎತ್ತುವುದು, ಹೆಗಲಿನ ಹಲಗೆಮೂಳೆ ಎತ್ತುವುದು, ಕೊನೆಗೆ ಹೊಟ್ಟೆಯೊಳಗಿನ ಭಾರವನ್ನೆಲ್ಲ ಕೆಳಗಿನಿಂದ ಹೊತ್ತು ನಿಂತ, ಹುಡುಗರು ಹೆಸರು ಕೇಳಿದರೆ ಕಿಸಕ್ಕೆನ್ನುವ ಆ ಬುಡದ್ದು, ಇವೆಲ್ಲವನ್ನೂ ಅವನು ಕಣ್ಣು ಕಟ್ಟಿಕೊಂಡು ಬಿಡಿಸಿ ತೋರಿಸಬಲ್ಲ. ಈಗ ಎದ್ದದ್ದು ಮೂಗಿನ ಪಕ್ಕದಲ್ಲೇ ಇಳಿದು, ಒಂದು ಎಳೆಯನ್ನು ಹೊಳ್ಳೆಗೂ ಇನ್ನೊಂದನ್ನು ಮೇಲ್ದುಟಿಗೂ ಕೊಡುವ ಪುಟ್ಟ ಸ್ನಾಯು. ಲ್ಯಾಟಿನ್ನಿನಲ್ಲಿ ಬರೆದರೆ ಸ್ನಾಯುವಿಗಿಂತ ಅದರ ಹೆಸರೇ ಉದ್ದ. ಅದು ಮಾಡುವ ಕೆಲಸಕ್ಕೆ ನಮ್ಮ ಮಾತಿನಲ್ಲಿ ಎರಡು ಪದ ಸಾಕು: ಮೂಗು ಮುರಿಯುವುದು.

"ಏನಂದೆ?" ಎಂದ.

"ನಾನೇನೂ ಅನ್ನಲಿಲ್ವಲ್ಲ," ಎಂದಳು ಕಿಟಕಿಯ ಕಡೆ ಮುಖ ಮಾಡಿಕೊಂಡು. "ಟೀ ಆರೋಗುತ್ತೆ, ಕುಡೀರಿ."

ಅನ್ನಲಿಲ್ಲ, ನಿಜ. ಅಂದುಬಿಟ್ಟಿದ್ದರೆ ಜಗಳವಾಡಬಹುದಿತ್ತು. ಅವಳು ತನ್ನ ಲೋಟ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಈಗೀಗ ಅವನ ಎದುರು ಕೂತು ಟೀಯನ್ನೂ ಕುಡಿಯುವುದಿಲ್ಲ, ಊಟವನ್ನೂ ಮಾಡುವುದಿಲ್ಲ. "ನೀವು ಮಾಡಿ, ನನಗಿನ್ನೂ ಹಸಿವಿಲ್ಲ" ಎಂದು ಬಡಿಸಿ ಸರಿದುಬಿಡುತ್ತಾಳೆ. ಒಂದು ದಿನ ಬಾಗಿಲ ಸಂದಿಯಿಂದ ನೋಡಿದ್ದ: ಗೋಡೆಗೆ ಮುಖ ಮಾಡಿ ನಿಂತು, ತುತ್ತು ಚಿಕ್ಕದು ಮಾಡಿಕೊಂಡು, ಒಂದೇ ದವಡೆಯಲ್ಲಿ ಅಗಿಯುತ್ತ, ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. ಗಂಡನ ಮುಖ ನೋಡಿಕೊಂಡು ಅನ್ನ ಇಳಿಯುವುದಿಲ್ಲ ಎನ್ನುವಷ್ಟಕ್ಕೆ ಬಂದಿದೆ ಎಂದು ಆವತ್ತು ಅಂದುಕೊಂಡಿದ್ದ.

ಇದು ಇವತ್ತು ನಿನ್ನೆಯದಲ್ಲ. ವಿಭಾಗದ ಮುಖ್ಯಸ್ಥನ ಕುರ್ಚಿ ತನ್ನದೇ ಶಿಷ್ಯನ ಪಾಲಾದ ದಿನ ಮನೆಗೆ ಬಂದು, ಶೂ ಬಿಚ್ಚುತ್ತ, ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿದ್ದ. ಅವಳು ಹೊಲಿಗೆಯ ಮಷಿನ್ನಿನ ಚಕ್ರಕ್ಕೆ ಅಂಗೈ ಅಡ್ಡ ಕೊಟ್ಟು ನಿಲ್ಲಿಸಿ, "ಹೋಗ್ಲಿ ಬಿಡಿ, ಆ ಕುರ್ಚಿ ಮೇಲೆ ಕೂತೋರಿಗೆಲ್ಲ ಸೊಂಟನೋವು ತಾನೇ?" ಎಂದು ನಕ್ಕಿದ್ದಳು. ಮಾತು ಒಳ್ಳೆಯದೇ. ಆದರೆ ನಗು ಬಲಕ್ಕೆ ಎಳೆದಿತ್ತು. ಅವನು ಮಾತನ್ನು ಬಿಟ್ಟು ನಗುವನ್ನು ಹಿಡಿದುಕೊಂಡ. ಮಾರನೆಯ ದಿನ ಹಾಲಿನವನಿಗೆ ಚಿಲ್ಲರೆ ಕೊಡುವಾಗಲೂ ಅದೇ ಕೊಂಕು, ಪಕ್ಕದ ಮನೆಯ ಅಜ್ಜಿಯನ್ನು ಮಾತಾಡಿಸುವಾಗಲೂ ಅದೇ. ಹಾಗಾದರೆ ಇವರೆಲ್ಲರಿಗೂ ಹೇಳಿದ್ದಾಳೆ, ಎಲ್ಲರೂ ಸೇರಿ ನಗುತ್ತಿದ್ದಾರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಅವನಿಗೂ ಗೊತ್ತು. ಗಾದೆ ಗೊತ್ತಿದ್ದವನಿಗೆ ಕಾಮಾಲೆ ಬರುವುದಿಲ್ಲವೆಂದು ಮಾತ್ರ ಯಾರೂ ಹೇಳಿಲ್ಲ. ಅಂದಿನಿಂದ ಅವಳ ಮುಖವನ್ನು ಕಾಯುವುದೇ ಅವನ ಕೆಲಸವಾಯಿತು. ಪೇಪರಿನ ಅಂಚಿನಿಂದ, ಕನ್ನಡಿಯೊಳಗಿನಿಂದ, ಸ್ನಾನದ ಮನೆಯಿಂದ ಬರುತ್ತ, ಚಪ್ಪಲಿ ಹುಡುಕುತ್ತ, ಅವನು ಅವಳನ್ನು ನೋಡಿದ. ಮದುವೆಯಾದ ಹೊಸದರಲ್ಲೂ ಅಷ್ಟು ನೋಡಿರಲಿಲ್ಲ.

ನೋಡಿದಷ್ಟೂ ಸಿಕ್ಕಿತು. ಜಡೆ ಹೆಣೆದುಕೊಳ್ಳುತ್ತಿದ್ದವಳು ಕೂದಲನ್ನು ಸಡಿಲ ಬಿಟ್ಟು ಎಡಗಿವಿಯ ಮೇಲೆ ಇಳಿಸಿಕೊಳ್ಳತೊಡಗಿದ್ದಳು. ಈ ವಯಸ್ಸಿನಲ್ಲಿ ಯಾರಿಗಾಗಿ ಈ ಹೊಸ ಫ್ಯಾಶನ್ನು? ಹೊಲಿಯುತ್ತ ಕೂತಾಗ ಎಡಗಣ್ಣಲ್ಲಿ ನೀರು ಬರುತ್ತಿತ್ತು. "ಯಾಕೆ ಅಳ್ತೀಯ?" ಎಂದರೆ "ಅಳೋದೇನು, ಬಟ್ಟೆ ಧೂಳು" ಎನ್ನುತ್ತಿದ್ದಳು. ಒಂದೇ ಕಣ್ಣಿಗೆ ಬೀಳುವ ಧೂಳು! ಗುಂಡುಸೂಜಿಗಳನ್ನು ತುಟಿಯಲ್ಲಿ ಸಾಲಾಗಿ ಕಚ್ಚಿ ಹಿಡಿದುಕೊಂಡೇ ಗಿರಾಕಿಗಳ ಜೊತೆ ಮಾತಾಡುವ ಚಾಕಚಕ್ಯತೆ ಅವಳದ್ದು. ಈಗ ಸೂಜಿಗಳು ಬಾಯಿಂದ ಜಾರಿ ನೆಲಕ್ಕೆ ಬೀಳುತ್ತಿದ್ದವು. ಅವಳ ಮನಸ್ಸು ಇಲ್ಲಿಲ್ಲ ಎಂದುಕೊಂಡು ಅವನು ಮಂಡಿಯೂರಿ ಸೂಜಿ ಆರಿಸಿಕೊಟ್ಟಿದ್ದ. ಆ ಹೊತ್ತಿನಲ್ಲಿ ಅವಳು ಹೊಲಿಯುತ್ತಿದ್ದದ್ದು ಹೊಸ ಮುಖ್ಯಸ್ಥನ ಕೋಟು. ಕುರ್ಚಿ ಸಿಕ್ಕ ಮೇಲೆ ಹೊಟ್ಟೆ ಬಂದಿತ್ತಲ್ಲ, ಕೋಟಿನ ಹೊಲಿಗೆ ಸ್ವಲ್ಪ ಬಿಚ್ಚಿ ಸಡಿಲ ಮಾಡಿಕೊಡಬೇಕಂತೆ. ಊರಲ್ಲಿ ಬೇರೆ ದರ್ಜಿಗಳಿಲ್ಲವೇ? ಇಲ್ಲಿಗೇ ಯಾಕೆ ಬರಬೇಕು, ಅದೂ ತಾನು ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು?

ಆದರೆ ಇವೆಲ್ಲಕ್ಕಿಂತ ಅವನ ಎದೆಯೊಳಗೆ ಕೂತುಬಿಟ್ಟದ್ದು ಕಳೆದ ಭಾನುವಾರದ ಮಧ್ಯಾಹ್ನ. ಊಟವಾಗಿ ಇಬ್ಬರೂ ಮಲಗಿದ್ದರು. ಅವನಿಗೆ ಎಚ್ಚರವಾಗಿ ಮಗ್ಗುಲಾಗಿ ನೋಡಿದರೆ ಅವಳು ಅವನ ಕಡೆಗೇ ತಿರುಗಿದ್ದಳು. ಬಲಗಣ್ಣು ದಿಂಬಿನಲ್ಲಿ ಹುದುಗಿತ್ತು. ಎಡಗಣ್ಣು ಅರ್ಧ ತೆರೆದು ಅವನನ್ನೇ ನೋಡುತ್ತಿತ್ತು. ಬಿಳಿಗುಡ್ಡೆಯ ಒಂದು ಪಟ್ಟಿ, ಅದರ ಮೇಲೆ ಕಿಟಕಿಯ ಬೆಳಕು. "ಎದ್ದಿದ್ದೀಯಾ?" ಎಂದ. ಉಸಿರು ಮಾತ್ರ ನಿದ್ದೆಯವರ ಉಸಿರಿನ ಹಾಗೆ ಏರಿಳಿಯುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ಇವಳು ಕಣ್ಣು ಬಿಟ್ಟುಕೊಂಡೇ ನಿದ್ದೆ ನಟಿಸುತ್ತಿದ್ದಾಳೆ. ಎಷ್ಟು ಹೊತ್ತಿನಿಂದ ಹೀಗೆ ನೋಡುತ್ತಿದ್ದಾಳೆ, ತನ್ನ ಬಾಯಿ ತೆರೆದಿತ್ತೇ, ಗೊರಕೆ ಹೊಡೆದೆನೇ, ನಿದ್ದೆಯಲ್ಲಿ ಕುರ್ಚಿಯ ವಿಚಾರ ಏನಾದರೂ ಗೊಣಗಿದೆನೇ ಎಂದುಕೊಂಡ. ತಾನೂ ಕಣ್ಣು ಮುಚ್ಚಿ ನಿದ್ದೆ ನಟಿಸಿದ. ಗಂಡ ಹೆಂಡತಿ ಹಾಗೆ ಒಬ್ಬರ ಮುಂದೊಬ್ಬರು ಬಹಳ ಹೊತ್ತು ಮಲಗಿದ್ದರು.

ಇವತ್ತು ಟೀ ಮುಗಿಸಿ ಕಾಲೇಜಿಗೆ ಹೊರಟರೆ, ಬಸ್ಸಿನಲ್ಲಿ ಟಿಕೆಟ್ ಕೊಡುವವನೂ ಹುಬ್ಬೇರಿಸಿದ. ಕಾಲೇಜಿನ ಗೇಟಿನಲ್ಲಿ ಕಾವಲಿನವನನ್ನು "ಮುಖ್ಯಸ್ಥರು ಬಂದ್ರಾ?" ಎಂದು ಕೇಳಿದರೆ ಅವನು ಹೆಗಲು ಕುಣಿಸಿದ. ಕತ್ತಿನಿಂದ ಹಲಗೆಮೂಳೆಯ ಮೂಲೆಗೆ ಇಳಿಯುವ ಆ ಸ್ನಾಯುವನ್ನು 'ನನಗೇನು ಗೊತ್ತು' ಎನ್ನುವ ಸ್ನಾಯು ಎಂದೇ ಅವನು ಪಾಠದಲ್ಲಿ ತಮಾಷೆ ಮಾಡುವುದುಂಟು. ಇವತ್ತು ತಮಾಷೆಯೆನಿಸಲಿಲ್ಲ. ಮನುಷ್ಯ ತನ್ನ ಮೈಯಲ್ಲಿ ಏನನ್ನು ಎತ್ತಿದರೂ ಅದು ಇನ್ನೊಬ್ಬನನ್ನು ಕೆಳಗಿಡುವುದಕ್ಕೇ ಎಂದು ಯೋಚಿಸುತ್ತ ಮೆಟ್ಟಿಲು ಹತ್ತಿದ. ಕಾರಿಡಾರಿನಲ್ಲಿ ಹುಡುಗರ ಗುಂಪಿನಿಂದ "ಎತ್ತು ಬಂತು, ಎತ್ತು" ಎಂಬ ಪಿಸುಮಾತು ಕೇಳಿಸಿತು. ಎತ್ತುವ ಸ್ನಾಯು ಎಂದು ವರ್ಷವಿಡೀ ಹೇಳಿದವನಿಗೆ ಹುಡುಗರು ಇನ್ನೇನು ಹೆಸರಿಟ್ಟಾರು? ಹಿಂದೆ ಈ ಹೆಸರು ಕೇಳಿ ಒಳಗೊಳಗೇ ನಕ್ಕಿದ್ದ. ಈಗ ತಿರುಗಿ ನೋಡಿದ. ಗುಂಪಿನ ಮುಖಗಳೆಲ್ಲ ಒಟ್ಟಿಗೇ ಗಂಭೀರವಾದವು.

ಹೆಣ ಕೊಯ್ದು ಕಲಿಸುವ ಕೋಣೆಯಲ್ಲಿ ಫಾರ್ಮಲಿನ್ನಿನ ವಾಸನೆ ಎಂದಿನಂತೆ ಮೊದಲು ಕಣ್ಣಿಗೆ, ಆಮೇಲೆ ಮೂಗಿಗೆ ಹತ್ತಿತು. ಸ್ಟೀಲಿನ ಮೇಜಿನ ಮೇಲೆ ಈ ವರ್ಷದ ಮುದುಕ ಮಲಗಿದ್ದ. ಮುಖದ ಚರ್ಮವನ್ನು ಎರಡೂ ಕಡೆ ಬಿಡಿಸಿ ಆಗಿತ್ತು. ಅವನಿಗೆ ಇಲ್ಲಿ ಬಂದರೆ ಸಮಾಧಾನ. ಈ ಮುಖಗಳು ಯಾರನ್ನೂ ಆಡಿಕೊಳ್ಳುವುದಿಲ್ಲ. ಎಡ ಬಲ ಎರಡೂ ಒಂದೇ ಸಮ, ಒಂದನ್ನು ಕಲಿತರೆ ಇನ್ನೊಂದನ್ನು ನೋಡಲೇಬೇಕಾಗಿಲ್ಲ. ಅದಕ್ಕೇ ಅವನು ಯಾವಾಗಲೂ ಬಲಗಡೆ ನಿಂತು ಬಲಗಡೆಯದನ್ನಷ್ಟೇ ತೋರಿಸುತ್ತಿದ್ದ. ಚಿಮಟದ ತುದಿಯಿಂದ ಆ ಪುಟ್ಟ ಸ್ನಾಯುವನ್ನು ಮೆಲ್ಲಗೆ ಎತ್ತಿ ಹಿಡಿದ. ಮುದುಕನ ತುಟಿ ಎದ್ದಿತು.

"ಬದುಕಿರೋರಲ್ಲಿ ಇದು ಹೇಗೆ ಕಾಣುತ್ತೆ ಸರ್?" ಎಂದಳು ಕನ್ನಡಕದ ಹುಡುಗಿಯೊಬ್ಬಳು.

ಅವನು ಮೂಗು ಮುರಿದು ತೋರಿಸಿದ. ಹುಡುಗರು ನಕ್ಕರು.

"ಒಂದೇ ಕಡೆ ಎತ್ತಿ ತೋರಿಸಿ ಸರ್, ಎತ್ತೋಕಾಗುತ್ತಾ?" ಎಂದ ಹಿಂದಿನ ಸಾಲಿನವನು, ಮುಖ ತೀರಾ ಮುಗ್ಧ ಮಾಡಿಕೊಂಡು.

ಪ್ರಯತ್ನಿಸಿದ. ಎರಡೂ ಕಡೆ ಎದ್ದವು. ಎಡವನ್ನು ಬಿಗಿ ಹಿಡಿದು ಬಲವನ್ನು ಮಾತ್ರ ಎತ್ತಲು ಹೋದರೆ ಕಣ್ಣು ಕಿರಿದಾಗಿ, ಕತ್ತು ಸೊಟ್ಟಗಾಗಿ, ಮುಖ ಎಲ್ಲೆಲ್ಲಿಗೋ ಹೋಯಿತು. ಈ ಸಲ ನಗು ಕೋಣೆಯ ಗೋಡೆಗೆ ಬಡಿದು ತಿರುಗಿ ಬಂತು. "ಎಲ್ಲರಿಗೂ ಬರಲ್ಲ, ಅಭ್ಯಾಸ ಬೇಕು" ಎಂದು ತಾನೂ ನಗುವವನ ಹಾಗೆ ಹೇಳಿದ. ಹೇಳಿದ ಮೇಲೆ ಆ ಮಾತು ಒಳಗೆ ಚುಚ್ಚಿತು. ಅಭ್ಯಾಸ ಬೇಕು. ಅವಳು ಎಷ್ಟು ಅಭ್ಯಾಸ ಮಾಡಿರಬೇಕು! ಮಲಗುವ ಕೋಣೆಯ ಕನ್ನಡಿಯ ಮುಂದೆ ಬಾಗಿಲು ಹಾಕಿಕೊಂಡು ನಿಲ್ಲುತ್ತಾಳಲ್ಲ, ತಾನು ತಳ್ಳಿದರೆ ಬೆಚ್ಚಿಬಿದ್ದು ಕೆನ್ನೆಯಿಂದ ಕೈ ತೆಗೆಯುತ್ತಾಳಲ್ಲ, ಆ ಹೊತ್ತಿನಲ್ಲಿ ಮಾಡುವುದು ಇದನ್ನೇ. ಅವನು ಚಿಮಟ ಸಡಿಲಿಸಿದ, ಮುದುಕನ ತುಟಿ ಕೆಳಗೆ ಬಿತ್ತು.

"ಸರ್, ಒಂದ್ನಿಮಿಷ," ಎಂದು ಬಾಗಿಲಲ್ಲಿ ನಿಂತವನು ಮುಖ್ಯಸ್ಥ. ಇದೇ ಮೇಜಿನ ಪಕ್ಕದಲ್ಲಿ ನಿಲ್ಲಿಸಿ 'ಏನಯ್ಯಾ, ಪಕ್ಕೆಲುಬು ಎಷ್ಟು ಅಂತ ನಿನ್ನ ಮೈಯಲ್ಲೇ ಎಣಿಸಿ ಹೇಳು' ಎಂದು ಇವನು ಬೆವರಿಳಿಸಿದ ಹುಡುಗ. ಈಗ ಅವನಿಗೆ 'ನೀವು' ಎನ್ನಬೇಕು. ಮೊದಲ ವಾರ ಆ ಬಹುವಚನ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಮುಖ್ಯಸ್ಥ ಅದನ್ನು ನೋಡಿ, "ಸರ್, ನೀವು ನನ್ನನ್ನ ಮೊದಲಿನ ಹಾಗೇ ಕರೀರಿ" ಎಂದಿದ್ದ. ಆ ದೊಡ್ಡತನ ಇನ್ನೂ ಉರಿಯುತ್ತಿತ್ತು. ಹೊರಗೆ ಬಂದು ಕೈಗವಸು ಬಿಚ್ಚದೆ ನಿಂತ.

"ಮೊನ್ನೆ ನಿಮ್ಮ ಮನೆಗೆ ಹೋಗಿದ್ದೆ ಸರ್, ಕೋಟು ತರೋಕೆ," ಎಂದು ಮುಖ್ಯಸ್ಥ ತಡವರಿಸಿದ. "ಮೇಡಂ ಅವರನ್ನ ನೋಡಿದೆ. ಹೇಳೋದೋ ಬೇಡ್ವೋ ಅಂತ... ಮೇಡಂ ಅವರ ಮುಖ..."

"ಮುಖಕ್ಕೇನಾಗಿದೆ?"

"ಅಲ್ಲ ಸರ್, ಮಾತಾಡುವಾಗ ಸ್ವಲ್ಪ..."

"ನನ್ನ ಹೆಂಡತಿ ಮುಖಾನ ನಾನು ದಿನಾ ನೋಡ್ತೀನಿ," ಎಂದ. ದನಿ ತಾನೆಣಿಸಿದ್ದಕ್ಕಿಂತ ದೊಡ್ಡದಾಗಿತ್ತು. "ಬೆಳಗ್ಗೆಯಿಂದ ಸಂಜೆವರೆಗೂ ನೋಡ್ತೀನಿ. ಅದರಲ್ಲಿ ಏನಿದೆ ಅಂತ ನೀವು ನನಗೆ ಹೇಳ್ಕೊಡಬೇಕಾಗಿಲ್ಲ."

ಮುಖ್ಯಸ್ಥ ಅವನನ್ನು ದಿಟ್ಟಿಸಿ ನೋಡಿ ತಲೆ ತಗ್ಗಿಸಿದ. "ಹಾಗಾದ್ರೆ ನೀವು ನೋಡಿದ್ದೀರ. ಸರಿ ಸರ್, ನೀವು ನೋಡಿದ ಮೇಲೆ ನಾನು ಹೇಳೋದೇನಿದೆ. ನನ್ನಿಂದ ಏನಾದ್ರೂ ಆಗ್ಬೇಕಿದ್ರೆ ಹೇಳಿ," ಎಂದು ಮೆಲ್ಲಗೆ ಹೊರಟುಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಈ ಮುಖ್ಯಸ್ಥನ ಕಥೆ ಎಂದುಕೊಂಡ. ಏನು ಆಗಬೇಕಂತೆ ಇವನಿಂದ? ಕರುಣೆಯೇ? ಕುರ್ಚಿ ಕಿತ್ತುಕೊಂಡವನು ಈಗ ಮನೆಯ ವಿಚಾರಕ್ಕೂ ಸಮಾಧಾನ ಹೇಳಲು ಬಂದ. ಒಳಗೆ ಹೋಗಿ ಪಾಠ ಮುಂದುವರಿಸಲು ಆಗಲಿಲ್ಲ. ತಲೆನೋವೆಂದು ಹೇಳಿ ಮಧ್ಯಾಹ್ನಕ್ಕೇ ಬಸ್ಸು ಹತ್ತಿದ.

ಮನೆಯ ಬಾಗಿಲು ಅರ್ಧ ತೆರೆದಿತ್ತು. ಮುಂದಿನ ಕೋಣೆಯಲ್ಲಿ ಮಷಿನ್ನು ನಿಂತಿತ್ತು, ಅದರ ಸೂಜಿಯ ಕೆಳಗೆ ಯಾರದೋ ಲಂಗದ ಅಂಚು. ಒಳಗಿನಿಂದ ಅವಳ ದನಿ. ಫೋನಿನಲ್ಲಿ ತಂಗಿಯ ಜೊತೆ ಮಾತಾಡುತ್ತಿದ್ದಾಳೆ. ಅವನು ಚಪ್ಪಲಿ ಬಿಡದೆ, ಉಸಿರು ಬಿಡದೆ ಗೋಡೆಗೆ ಒರಗಿ ನಿಂತ. ತನ್ನ ಮನೆಯಲ್ಲಿ ತಾನೇ ಕಳ್ಳನ ಹಾಗೆ ನಿಂತಿದ್ದೇನೆ ಎಂದು ನಾಚಿಕೆಯಾಯಿತು, ಆದರೂ ನಿಂತ.

"ಇಲ್ಲ ಕಣೇ, ನಾನೇನು ಹೇಳೋದು? ಅವರಿಗೆ ಗೊತ್ತಾಗಿದೆ," ಎನ್ನುತ್ತಿದ್ದಳು. "ಮೊದಲ ದಿನದಿಂದಲೇ ಗೊತ್ತಾಗಿದೆ. ನೋಡ್ತಾನೇ ಇರ್ತಾರೆ. ಬಾಯಿ ಮಾತ್ರ ಬಿಡಲ್ಲ... ನೀನು ಭಾವನ ಹತ್ರ ಏನೂ ಕೇಳೋಕೆ ಹೋಗ್ಬೇಡ, ನನ್ನಾಣೆ. ಅವರಾಗೇ ಹೇಳಲಿ, ಅಲ್ಲಿವರೆಗೂ ನನಗೆ ಧೈರ್ಯ ಇಲ್ಲ."

ಅಂದರೆ ಗೊತ್ತಾಗಬೇಕಾದದ್ದು ಏನೋ ಇದೆ. ಇಷ್ಟು ದಿನ ಅನುಮಾನಕ್ಕೆ ಒಂದು ಬಾಗಿಲು ಬಿಟ್ಟುಕೊಂಡಿದ್ದ. ಎಲ್ಲವೂ ತನ್ನ ಭ್ರಮೆಯಾಗಿರಬಹುದು ಎಂಬ ಬಾಗಿಲು. ಅದೂ ಹಾಕಿಕೊಂಡಿತು. ವಿಚಿತ್ರವೆಂದರೆ ದುಃಖದ ಜೊತೆಗೆ ಒಂದು ತೃಪ್ತಿಯೂ ಆಯಿತು: ತನ್ನ ಕಣ್ಣು ಸುಳ್ಳು ಹೇಳಿರಲಿಲ್ಲ. ಒಳಗೆ ಹೋದ. ಅವಳು ಫೋನ್ ಕೆಳಗಿಟ್ಟು ಗಾಬರಿಯಿಂದ ಕೂದಲನ್ನು ಕಿವಿಯ ಮೇಲೆ ಎಳೆದುಕೊಂಡಳು.

"ಏನು ಇಷ್ಟು ಬೇಗ ಬಂದ್ರಿ? ಹುಷಾರಿಲ್ವಾ?" ಎಂದು ನಗಲು ಹೋದಳು. ತುಟಿಯ ಬಲಬದಿ ಎದ್ದಿತು.

"ಸಾಕು!" ಎಂದು ಕೂಗಿದ. "ನಗೋದಿದ್ರೆ ನೆಟ್ಟಗೆ ನಗು. ಅರ್ಧ ಬಾಯಲ್ಲಿ ಏನು ನಗ್ತೀಯ? ಪೂರ್ತಿ ನಗು, ನೋಡೋಣ!"

ಅವಳು ಅವನನ್ನೇ ನೋಡಿದಳು. ಆಮೇಲೆ ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡುವವಳ ಹಾಗೆ ಮೆಲ್ಲಗೆ ಹೇಳಿದಳು: "ಪೂರ್ತಿ ನಗೋಕೆ ಬರ್ತಿಲ್ಲ ರೀ. ದಿನಾ ಕನ್ನಡಿ ಮುಂದೆ ನಿಂತು ನೋಡ್ತೀನಿ, ಬರಲ್ಲ. ಹೀಗೆ ಎತ್ತಿ ಹಿಡಿದ್ರೆ ಮಾತ್ರ..." ಎಂದು ಎಡಗೈ ಹೆಬ್ಬೆರಳನ್ನು ಬಾಯಿಯ ಎಡಮೂಲೆಗೆ ಇಟ್ಟು ಮೇಲಕ್ಕೆ ತಳ್ಳಿದಳು. ಮುಖ ಸರಿಹೋಯಿತು. ನಗು ಪೂರ್ತಿಯಾಯಿತು. ಅವಳು ಬೆರಳು ತೆಗೆದಳು. ಎಡಮೂಲೆ ಜಾರಿ ಕೆಳಗೆ ಬಂತು.

ಅವನು ಮೊದಲ ಸಲ ಅವಳ ಎಡಗೆನ್ನೆಯನ್ನು ನೋಡಿದ. ಮೂಗಿನಿಂದ ಬಾಯಿಗೆ ಇಳಿಯುವ ಗೆರೆ ಅಲ್ಲಿ ಇರಲಿಲ್ಲ. ಎಡಹುಬ್ಬಿನ ಮೇಲಿನ ಹಣೆಗೆ ಸುಕ್ಕೇ ಇಲ್ಲ, ಎಳೆಯ ಹುಡುಗಿಯ ಹಣೆಯ ಹಾಗೆ ನುಣುಪು. ಬಲಬದಿ ಎಲ್ಲರ ತುಟಿಯ ಹಾಗೆ, ಎಷ್ಟು ಏಳಬೇಕೋ ಅಷ್ಟೇ ಎದ್ದಿತ್ತು. ಜೊತೆಗೆ ಏಳಬೇಕಾದದ್ದು ಎದ್ದಿರಲಿಲ್ಲ. ಅವನ ಬಾಯಿಂದ ತಾನಾಗಿಯೇ ಮೇಷ್ಟರ ದನಿ ಹೊರಟಿತು. "ಹುಬ್ಬು ಎತ್ತು." ಒಂದು ಎದ್ದಿತು. "ಕಣ್ಣು ಗಟ್ಟಿಯಾಗಿ ಮುಚ್ಚು." ಬಲಗಣ್ಣು ಮುಚ್ಚಿತು, ಎಡಗಣ್ಣಿನ ಗುಡ್ಡೆ ಮೇಲಕ್ಕೆ ಹೊರಳಿ ಬಿಳಿಪಟ್ಟಿ ಉಳಿಯಿತು. ರೆಪ್ಪೆ ಎತ್ತುವ ಸ್ನಾಯುವಿಗೆ ಬೇರೆ ನರ, ಅದಕ್ಕೇನೂ ಆಗಿಲ್ಲ. ಮುಚ್ಚುವುದಕ್ಕೆ ಮಾತ್ರ ಶಕ್ತಿಯಿಲ್ಲ. ಎತ್ತುವುದರ ಬಗ್ಗೆ ಅಷ್ಟೆಲ್ಲ ಓದಿದವನು ಮುಚ್ಚುವುದರ ಬಗ್ಗೆ ಯೋಚಿಸಿರಲಿಲ್ಲ. ಭಾನುವಾರ ಅವಳು ನಿಜವಾಗಿಯೂ ನಿದ್ದೆ ಮಾಡುತ್ತಿದ್ದಳು. ಅವನ ಕೈ ಅವಳ ಕೂದಲನ್ನು ಸರಿಸಿತು. ಎಡಗಿವಿಯ ಕೆಳಗೆ, ದವಡೆಯ ಹಿಂದೆ, ಬೆರಳಿಗೆ ಒಂದು ಗಂಟು ಸಿಕ್ಕಿತು. ಗಟ್ಟಿ. ತಳ್ಳಿದರೆ ಜಾರಲಿಲ್ಲ. ಮುಖದ ನರ ಹಾದುಹೋಗುವುದು ಅಲ್ಲೇ, ಜೊಲ್ಲಿನ ಗ್ರಂಥಿಯ ನಡುವೆ, ಕವಲೊಡೆಯುತ್ತ. ಸಾವಿರ ಹುಡುಗರಿಗೆ ಇದೇ ಬೆರಳಿನಿಂದ ತೋರಿಸಿದ್ದ. ಒಮ್ಮೆಗೇ ಬಂದ ಸೊಟ್ಟ ಒಂದು ರೀತಿ, ಬಹುಪಾಲು ತಾನಾಗಿಯೇ ಸರಿಹೋಗುತ್ತದೆ. ಹೀಗೆ ದಿನಕ್ಕಿಷ್ಟು ಎಂದು ಮೆಲ್ಲಗೆ ಬಂದದ್ದು, ಅದೂ ಗಂಟಿನ ಜೊತೆ, ಅದರ ಅರ್ಥವೇ ಬೇರೆ. ಅವನ ಬೆರಳು ಅಲ್ಲಿಂದ ಏಳಲಿಲ್ಲ.

"ನೋಯುತ್ತಾ?"

"ಇಲ್ಲ. ಅಷ್ಟು ಕೆಟ್ಟದಾ?" ಎಂದಳು. ಅವಳ ಕಣ್ಣು ಅವನ ಮುಖವನ್ನು ಓದುತ್ತಿತ್ತು. "ನೀವು ದಿನಾ ನೋಡ್ತಿದ್ರಿ. ಊಟ ಮಾಡುವಾಗ, ಹೊಲಿಯುವಾಗ, ಕನ್ನಡಿಲೂ ನನ್ನನ್ನೇ ನೋಡ್ತಿದ್ರಿ. ಇದು ಇವರ ವಿದ್ಯೆ, ಇವರಿಗೆ ಗೊತ್ತಾಗದೇ ಇರುತ್ತಾ ಅಂದ್ಕೊಂಡೆ. ಗೊತ್ತಾಗಿಯೂ ಹೇಳ್ತಿಲ್ಲ ಅಂದ್ರೆ ಹೇಳೋಕಾಗದಷ್ಟು ಕೆಟ್ಟದೇ ಇರ್ಬೇಕು ಅಂತ ನಾನೂ ಕೇಳ್ಲಿಲ್ಲ. ಗೊತ್ತಿತ್ತು ಅಲ್ವಾ ನಿಮಗೆ?"

'ಹೂಂ' ಎಂದರೆ ಸಾಕಿತ್ತು. ಒಂದು ಅಕ್ಷರದಲ್ಲಿ ಮೇಷ್ಟ್ರು ಮೇಷ್ಟ್ರಾಗಿಯೇ ಉಳಿಯುತ್ತಿದ್ದ. ಹೆಂಡತಿಯ ಮೇಲಿನ ಪ್ರೀತಿಗೆ ಬಾಯಿ ಕಟ್ಟಿಕೊಂಡ ಗಂಡನಾಗಿಬಿಡುತ್ತಿದ್ದ. ಆದರೆ ಗೊತ್ತಿದ್ದೂ ಸುಮ್ಮನಿದ್ದ ಆ ಗಂಡ, ತನಗಿಂತಲೂ ಕೆಟ್ಟವನಲ್ಲವೇ? ಯಾವ ಕಡೆ ತಿರುಗಿದರೂ ಕಳೆದದ್ದು ಅವಳ ದಿನಗಳೇ.

"ಗೊತ್ತಿರಲಿಲ್ಲ," ಎಂದ.

"ಮತ್ತೆ ಇಷ್ಟು ದಿನ ಏನು ನೋಡ್ತಿದ್ರಿ?"

"ನೀನು ನನ್ನನ್ನ ಆಡ್ಕೊಂಡು ನಗ್ತಿದ್ದೀಯ ಅಂತ. ಕುರ್ಚಿ ಹೋಯ್ತಲ್ಲ, ಅದಕ್ಕೆ. ಮೂಗು ಮುರೀತಿದ್ದೀಯ ಅಂತ ನೋಡ್ತಿದ್ದೆ."

ಅವಳು ಮಷಿನ್ನಿನ ಹತ್ತಿರ ಹೋಗಿ ಸೂಜಿಯನ್ನು ಮೇಲೆ ಮಾಡಿ, ಲಂಗವನ್ನು ಬಿಡಿಸಿ, ದಾರ ಕತ್ತರಿಸಿ, ಮಡಿಸಿ ಇಟ್ಟಳು. ಎಡಗಣ್ಣಿನಿಂದ ನೀರಿಳಿಯುತ್ತಿತ್ತು, ಅದು ಅಳುವೋ ರೋಗವೋ ಅವನಿಗೆ ತಿಳಿಯಲಿಲ್ಲ. ಕೈಚೀಲದಲ್ಲಿ ಟವೆಲು, ನೀರಿನ ಬಾಟಲಿ ಹಾಕಿಕೊಂಡು ಬಾಗಿಲಿಗೆ ಬಂದು, "ನಡೀರಿ, ಆಸ್ಪತ್ರೆಗೆ. ಯಾರಾದ್ರೂ ನೋಡ್ಲಿ," ಎಂದಳು.

ಬೀದಿಯಲ್ಲಿ ಬಿಸಿಲಿತ್ತು. ಬಸ್ ನಿಲ್ದಾಣದವರೆಗೆ ಇಬ್ಬರೂ ಜೊತೆಯಾಗಿ ನಡೆದರು. ಮದುವೆಯಾದಾಗಿನಿಂದ ಅವನ ಎಡಕ್ಕೆ ನಡೆಯುತ್ತಿದ್ದವಳು ಇವತ್ತು ಬಲಕ್ಕೆ ಬಂದಿದ್ದಳು. ಹಾಗಾಗಿ ಅವನಿಗೆ ಕಾಣುತ್ತಿದ್ದದ್ದು ಅವಳ ಎಡಗೆನ್ನೆ ಮಾತ್ರ. ಅದರಲ್ಲಿ ಸಿಟ್ಟಿರಲಿಲ್ಲ, ದುಃಖವಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಏನಿದ್ದರೂ ಆಚೆ ಬದಿಯಲ್ಲಿತ್ತು. ಬೇಕೆಂದೇ ಈ ಕಡೆಗೆ ಬಂದಳೋ, ಕಾಲು ತಂದತ್ತ ಬಂದಳೋ ಎಂದು ಅವನು ದಾರಿಯುದ್ದಕ್ಕೂ ಅವಳನ್ನೇ ನೋಡುತ್ತ ನಡೆದ.